ಕಿವಿಗೆ ಬೀಳುವ ತನಕ

ಹೋದ ಗುರುವಾರ ಸಂಜೆ ಆಫೀಸು ಮುಗಿಸಿ ಸಬ್‌ವೇಯಲ್ಲಿ ಮನೆಗೆ ಬರುತ್ತಿದ್ದೆ. ಹೊರಗೆ ಮಳೆ, ರೈಲಿನ ಡಬ್ಬಿಯ ತುಂಬ ಒದ್ದೆ ಕೋಟುಗಳ ವಾಸನೆ. ನಡುವೆ ಎಲ್ಲೋ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತು, ಜೇಬಿನಿಂದ ಕಿರುಬೆರಳಿನಷ್ಟು ಉದ್ದದ ಹಸಿರು ಕೊಳವೆಯೊಂದನ್ನು ತೆಗೆದು, ಮುಚ್ಚಳ ತಿರುಗಿಸಿ, ಮೂಗಿಗೆ ಒತ್ತಿಕೊಂಡು ಜೋರಾಗಿ ಉಸಿರೆಳೆದಳು. ಕರ್ಪೂರ, ಪುದೀನ, ಅದರ ಹಿಂದೆಯೇ ಯಾವುದೋ ಬೇರಿನ ಘಾಟು... ನನ್ನ ಸ್ಟೇಷನ್ನು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ಏಳಲು ಆಗಲಿಲ್ಲ. ಕೊನೆಯ ಸ್ಟೇಷನ್ನು ಫಿಂಚ್‌ವರೆಗೂ ಹಾಗೇ ಕೂತು ಹೋದೆ.

ಅಂಥ ಆರು ಕೊಳವೆಗಳು ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಹತ್ತು ವರ್ಷಕ್ಕೂ ಮೇಲಿನಿಂದ ಬಿದ್ದಿವೆ. ಒಂದನ್ನೂ ಬಳಸಿಲ್ಲ, ವಾಸನೆ ಎಂದೋ ಹೋಗಿದೆ. ಅವನ್ನು ಬ್ಯಾಂಕಾಕಿನ ಬೀದಿಯಲ್ಲಿ ಕೊಂಡವರು ನಮ್ಮ ಎದುರು ಮನೆಯ ವೈನಿ. ವೈನಿ ತೀರಿಕೊಂಡು ಮೂರು ತಿಂಗಳಾಯಿತು. ನನಗೆ ಗೊತ್ತಾಗಿ ಎರಡೂವರೆ ತಿಂಗಳು. ನಡುವಿನ ಆ ಹದಿನೈದು ದಿನ ಎಲ್ಲಿ ಹೋಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಧಾರವಾಡದ ಕಡೆ ಅತ್ತಿಗೆಯನ್ನು ವೈನಿ ಎನ್ನುತ್ತಾರೆ ಎಂದು ಮೈಸೂರಿನವಳಾದ ನನಗೆ ಗೊತ್ತಿರಲಿಲ್ಲ. ಎಲ್ಲರೂ ಹಾಗೇ ಕರೆಯುತ್ತಿದ್ದರಿಂದ ಅವರ ಹೆಸರೇ ಅದು ಎಂದು ಒಂದಿಡೀ ವರ್ಷ ನಂಬಿದ್ದೆ. ಟೊರೊಂಟೊದ ನಾರ್ತ್ ಯಾರ್ಕಿನ ಆ ಎತ್ತರದ ಕಟ್ಟಡದ ಹನ್ನೆರಡನೇ ಮಹಡಿಯಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ನಾವೆಲ್ಲ ಹುಟ್ಟುವ ಮೊದಲೇ ಗಂಡನ ಜೊತೆ ಕೆನಡಾಕ್ಕೆ ಬಂದವರು. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತದ ಗಾಜುಗಳನ್ನು ನೋಡಿ ನಿವೃತ್ತರಾಗಿದ್ದರು. ಗಂಡ ತೀರಿಹೋಗಿದ್ದರು, ಒಬ್ಬಳೇ ಮಗಳು ಒಟ್ಟಾವಾದಲ್ಲಿ. ನಾನು ಬಂದ ಮೊದಲ ಚಳಿಗಾಲದಲ್ಲಿ ಟೋಪಿ ಇಲ್ಲದೆ ಲಿಫ್ಟಿನ ಮುಂದೆ ನಿಂತವಳನ್ನು ನೋಡಿ, ‘ಹುಚ್ಚಿ, ಕಿವಿ ಮುಚ್ಕೋ, ಉದುರಿ ಬೀಳ್ತಾವ’ ಎಂದು ತಮ್ಮ ಟೋಪಿಯನ್ನೇ ತೆಗೆದು ನನ್ನ ತಲೆಗೆ ಹಾಕಿದ್ದರು. ನಮ್ಮ ಪರಿಚಯ ಶುರುವಾದದ್ದು ಹಾಗೆ.

ವೈನಿಗೆ ಇನ್ನೊಂದು ಕೆಲಸವೂ ಇತ್ತು. ಸಂಬಳವಿಲ್ಲದ ಕೆಲಸ. ಊರಿನಿಂದ ಸಾವಿನ ಸುದ್ದಿ ಬಂದಾಗ ಯಾರಿಗೆ ಎಷ್ಟು ದಿನ ಸೂತಕ, ಯಾರು ಬರಿ ಸ್ನಾನ ಮಾಡಿದರೆ ಸಾಕು, ದೇವರ ದೀಪ ಹಚ್ಚಬಹುದೋ ಇಲ್ಲವೋ, ಇದನ್ನೆಲ್ಲ ನಮ್ಮ ಬಳಗದವರು ಕೇಳುತ್ತಿದ್ದುದು ಅವರನ್ನು. ದೂರದ ಬ್ರಾಂಪ್ಟನ್ನಿನಿಂದಲೂ ಫೋನು ಬರುತ್ತಿತ್ತು. ಬೇಸ್‌ಮೆಂಟಿನ ಲಾಂಡ್ರಿಯಲ್ಲಿ ಬಟ್ಟೆ ಮಡಚುತ್ತ, ದಾಯಾದಿಗಳಿಗೆ ಹತ್ತು, ಕೊಟ್ಟ ಹೆಣ್ಣುಮಕ್ಕಳಿಗೆ ತಾಯಿ ತಂದೆಯದು ಮೂರು ಎಂದು ಸಲೀಸಾಗಿ ಹೇಳುತ್ತಿದ್ದರು. ಒಮ್ಮೆ ನಾನೇ ಕೀಟಲೆಗೆ, ‘ವೈನಿ, ಎದುರು ಮನೆಯವರಿಗೆ ಎಷ್ಟು ದಿನ?’ ಎಂದು ಕೇಳಿದ್ದೆ. ‘ಗೆಳತ್ಯಾರಿಗೆ ದಿನ ಇಲ್ಲ. ಒಂದು ಸ್ನಾನ ಅದ, ಅಷ್ಟ’ ಅಂದಿದ್ದರು.

ಆ ಲಾಂಡ್ರಿಯಲ್ಲೇ ಇನ್ನೊಂದು ದಿನ ಏಳನೇ ಮಹಡಿಯ ಹುಡುಗಿಯೊಬ್ಬಳು ಕಣ್ಣು ಕೆಂಪು ಮಾಡಿಕೊಂಡು ಬಂದಳು. ಗಂಡನ ಕಾಕಾ, ಎಂದರೆ ಚಿಕ್ಕಪ್ಪ, ತೀರಿಕೊಂಡ ಸುದ್ದಿ ಅವಳಿಗೆ ಬಂದಿದೆ, ಗಂಡನಿಗೆ ಇನ್ನೂ ಗೊತ್ತಿಲ್ಲ. ಮರುದಿನ ಸತ್ಯನಾರಾಯಣ ಪೂಜೆ, ಐವತ್ತು ಜನರನ್ನು ಕರೆದಾಗಿದೆ. ವೈನಿ ಟವೆಲ್ಲು ಮಡಚುವುದನ್ನು ನಿಲ್ಲಿಸಲೇ ಇಲ್ಲ.

‘ಕಿವಿಗೆ ಬೀಳೂತನಕ ಸೂತಕಿಲ್ಲವಾ. ಪೂಜಾ ಮಾಡ್ರಿ, ಪ್ರಸಾದ ಹಂಚ್ರಿ. ಆಮ್ಯಾಲೆ ಹೇಳು.’

ಎಷ್ಟು ಅನುಕೂಲದ ಶಾಸ್ತ್ರ ಎಂದು ಆಗ ನನಗೆ ನಗು ಬಂದಿತ್ತು. ಆ ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡದ್ದು ಎಂಥ ದಿನಕ್ಕೆ ಎಂದು ಆಗ ಗೊತ್ತಿರಲಿಲ್ಲ.

ಕೆನಡಾಕ್ಕೆ ಬಂದ ಏಳು ವರ್ಷದಲ್ಲಿ ನನ್ನ ರಜೆಯೆಲ್ಲ ಮೈಸೂರಿನ ಮದುವೆ ಮುಂಜಿಗಳಿಗೇ ಹೋಗಿತ್ತು. ಆಗಿನ ನನ್ನ ಮೆಡೋವೇಲಿನ ಆಫೀಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡುತ್ತ ನಾನು ಬ್ಯಾಂಕಾಕಿನ ಚಿತ್ರಗಳನ್ನು ನೋಡುತ್ತಿದ್ದೆ. ಯಾಕೆ ಬ್ಯಾಂಕಾಕೇ ಎಂದರೆ, ಯಾರ ಮುಂಜಿಯೂ ಇಲ್ಲದ, ಯಾರ ಮನೆಗೂ ಹೋಗಿ ಕುಂಕುಮ ತೆಗೆದುಕೊಳ್ಳಬೇಕಿಲ್ಲದ ಒಂದು ಊರು ನನಗೆ ಬೇಕಿತ್ತು. ಆ ವರ್ಷ ಅಣ್ಣನ ಮಗನ ಮುಂಜಿಗೆ ಹೊರಟಾಗ ಗಂಡನಿಗೆ ರಜೆ ಸಿಗಲಿಲ್ಲ. ಅದೇ ಹೊತ್ತಿಗೆ ವೈನಿಯೂ ಧಾರವಾಡಕ್ಕೆ ತಾಯಿಯನ್ನು ನೋಡಲು ಹೊರಡುವವರಿದ್ದರು. ಸುತ್ತು ದಾರಿಯಾದರೂ ಬ್ಯಾಂಕಾಕಿನ ಮೇಲೆ ಹೋಗಿ ಎರಡು ದಿನ ನಿಲ್ಲೋಣವೇ ಎಂದು ನಾನೇ ಕೇಳಿದೆ. ‘ಅವ್ವ ಎಂಬತ್ತಾರು ವರ್ಷ ಕಾದಾಳ, ಇನ್ನೆರಡು ದಿನ ಕಾಯ್ತಾಳ. ನಡಿ, ನಾನೂ ನೋಡ್ತೀನಿ’ ಅಂದರು. ಆಗ ಅವರ ಅವ್ವ ಗಟ್ಟಿಯಾಗಿಯೇ ಇದ್ದರು. ತಪಕೀರು ಏರಿಸಿಕೊಂಡು ಸೊಸೆಯನ್ನು ಬೈಯುವಷ್ಟು ಗಟ್ಟಿ. ತಪಕೀರು ಎಂದರೆ ನಾವು ನಶ್ಯ ಎನ್ನುವುದು.

ಬೆಳಕು ಹರಿಯುವ ಹೊತ್ತಿಗೆ ವಿಮಾನ ಇಳಿಯಿತು. ಅಲ್ಲೇ ನನ್ನ ಫೋನಿಗೆ ಆ ಊರಿನ ಸಿಮ್ ಹಾಕಿಸಿಕೊಂಡೆ. ವೈನಿಯದು ಮಡಚುವ ಹಳೇ ಫೋನು, ಕೆನಡಾ ದಾಟಿದರೆ ಕೆಲಸ ಮಾಡದು. ಹಾಗಾಗಿ ಅವರ ತಮ್ಮನಿಗೆ ನನ್ನ ನಂಬರು ಕೊಟ್ಟಿದ್ದರು. ಹೋಟೆಲಿಗೆ ಬಂದು ಸ್ನಾನ ಮಾಡಿದೆವು. ಎಂಟೂವರೆಯ ಸುಮಾರಿಗೆ ನಾನು ಕೆಳಗೆ ತಿಂಡಿಯ ಮೇಜಿನಲ್ಲಿ ಕೂತು ಪಪ್ಪಾಯಿ ತಿನ್ನುತ್ತಿದ್ದೆ, ವೈನಿ ಮೇಲೆ ಸೀರೆ ಉಡುತ್ತಿದ್ದರು. ಆಗ ಫೋನು ಬಂತು.

‘ಅವ್ವ ಹೋದ್ಲುರೀ’ ಅಂದರು ಅವರ ತಮ್ಮ. ‘ಮಲಗಿದಾಕಿ ಮುಂಜಾನೆ ಏಳಲಿಲ್ಲ.’

ನನ್ನ ಬಾಯಲ್ಲಿ ಪಪ್ಪಾಯಿ ಹಾಗೇ ಉಳಿಯಿತು. ಅವರು ಅಳುತ್ತಿರಲಿಲ್ಲ. ಆಗಲೇ ಹತ್ತು ಜನಕ್ಕೆ ಹೇಳಿ ದಣಿದ ದನಿ. ಅಕ್ಕನಿಗೆ ಈಗಲೇ ಹೇಳಬೇಡಿ, ಪರದೇಶದಲ್ಲಿ ಅವಳಿಗೆ ಏನಾದರೂ ಆದರೆ ನಿಮಗೊಬ್ಬರಿಗೇ ಕಷ್ಟ ಎಂದರು. ನಾವು ಬರುವುದು ನಾಳೆ ರಾತ್ರಿ, ಅಲ್ಲಿಯವರೆಗೆ ಇಡಲಾಗದು ಎಂದರು. ಆಮೇಲೆ ಹೇಳಿದ ಮಾತು ಇದು: ‘ಇವತ್ತ ಹೊರಡೂದು ಏನರ ಸಾಧ್ಯ ಅದನೋ ನೋಡ್ರಿ. ಅವ್ವಗ ಆರಾಮಿಲ್ಲ ಅಂತ ಹೇಳಿ ಕರಕೊಂಡ ಬರ್ರಿ. ಬರೂ ಹಂಗಿದ್ರ ಬರ್ಫದಾಗ ಇಟ್ಟು ಕಾಯ್ತೀವಿ. ಅಕ್ಕ ಮಾರಿ ನೋಡಲಿ.’

ಮಾರಿ ಎಂದರೆ ಮುಖ. ನೋಡ್ತೀನಿ ಎಂದು ಫೋನಿಟ್ಟೆ.

ನೋಡಿದೆ. ಅದೇ ಫೋನಿನಲ್ಲಿ ವಿಮಾನದವರ ಪುಟ ತೆರೆದೆ. ಹನ್ನೆರಡೂವರೆಗೆ ಬೆಂಗಳೂರಿಗೆ ನೇರ ವಿಮಾನವಿತ್ತು. ಎರಡು ಸೀಟು ಖಾಲಿ ತೋರಿಸುತ್ತಿತ್ತು, ಅಕ್ಕಪಕ್ಕದ ಸೀಟುಗಳು. ಅದನ್ನು ಹಿಡಿದಿದ್ದರೆ ಮಧ್ಯಾಹ್ನ ಬೆಂಗಳೂರು, ಕಾರು ಮಾಡಿಕೊಂಡು ಹೋದರೆ ಮಲಗುವ ಹೊತ್ತಿಗೆ ಧಾರವಾಡ.

ಅಷ್ಟರಲ್ಲಿ ವೈನಿ ಕೆಳಗಿಳಿದು ಬಂದರು. ನೀಲಿ ಇಳಕಲ್ ಸೀರೆ, ಅದರ ಕೆಳಗೆ ಆಸ್ಪತ್ರೆಗೆ ಹಾಕುತ್ತಿದ್ದ ಬಿಳಿ ಬೂಟು, ತಲೆಗೊಂದು ಬಿಸಿಲು ಟೋಪಿ. ಅರವತ್ತು ದಾಟಿದ ಆ ಹೆಂಗಸು ಸ್ಕೂಲಿನ ಪ್ರವಾಸಕ್ಕೆ ಹೊರಟವಳ ಹಾಗೆ ನಗುತ್ತಿದ್ದರು. ‘ನಡೀ ನಡೀ, ಊರು ನಮ್ಮ ಸಲುವಾಗಿ ಕಾಯ್ತದೇನು?’

ಇಲ್ಲಿ ಸುಳ್ಳು ಹೇಳಿ ಏನು ಪ್ರಯೋಜನ? ಅವರ ಆರೋಗ್ಯಕ್ಕೆ ಹೆದರಿದೆ ಎನ್ನಬಹುದು. ತಮ್ಮನೇ ಹೇಳಬೇಡಿ ಎಂದಿದ್ದರು ಎನ್ನಬಹುದು. ಹೋದವರು ಇವತ್ತು ಹೋದರೂ ನಾಳೆ ಹೋದರೂ ಎದ್ದು ಬರುವುದಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದೂ ನಿಜ. ಕಿವಿಗೆ ಬೀಳುವ ತನಕ ಸೂತಕವಿಲ್ಲ ಎಂದು ಅವರೇ ಹೇಳಿದ್ದಾರೆ, ಬೀಳದೇ ಇರಲಿ, ಒಂದು ದಿನ ಸುಖವಾಗಿ ಓಡಾಡಲಿ... ಇದೆಲ್ಲದರ ಅಡಿಯಲ್ಲಿ ಇದ್ದದ್ದು ಒಂದೇ. ಆ ದಿನ ನನಗೆ ಬೇಕಿತ್ತು. ಏಳು ವರ್ಷ ಕಾದು ಕೈಗೆ ಬಂದ ತುತ್ತು. ಅವರ ತಮ್ಮನಿಗೆ ‘ಸೀಟಿಲ್ಲ, ಫುಲ್ ಆಗಿದೆ’ ಎಂದು ಮೆಸೇಜು ಕಳಿಸಿ ಫೋನನ್ನು ಬ್ಯಾಗಿಗೆ ಹಾಕಿದೆ. ಅಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಕಾಲಿಟ್ಟರೆ ಊರು ಮೈಮೇಲೆ ಬಿತ್ತು. ಧಾರವಾಡದ ಮೇ ತಿಂಗಳೂ ನಾಚಬೇಕು, ಅಂಥ ಸೆಖೆ. ಫುಟ್‌ಪಾತಿನ ತುಂಬ ಇದ್ದಿಲ ಒಲೆಗಳು, ಮೀನು ಸುಡುವ ಹೊಗೆ, ಪಕ್ಕದಲ್ಲೇ ಮಲ್ಲಿಗೆ ಮಾಲೆಗಳ ರಾಶಿ. ತಲೆಯ ಮೇಲೆ ರೈಲು, ಕೆಳಗೆ ಬೈಕುಗಳ ಹಿಂಡು. ಮೂವತ್ತು ವರ್ಷ ಟೊರೊಂಟೊದಲ್ಲಿ ಸಿಗ್ನಲ್ಲಿನ ಬಿಳಿ ಮನುಷ್ಯ ಬೆಳಗುವವರೆಗೆ ಕಾದು ದಾಟಿದ ವೈನಿ ಮೊದಲ ರಸ್ತೆಯಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು. ಎರಡನೇ ರಸ್ತೆಯಲ್ಲಿ ಕೈ ಬಿಟ್ಟರು. ಮೂರನೆಯದರಲ್ಲಿ ಬೈಕುಗಳಿಗೆ ಅಂಗೈ ತೋರಿಸಿ ನಿಲ್ಲಿಸಿ, ನನ್ನನ್ನೇ ದಾಟಿಸಿದರು. ‘ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ಮುಂದ ದಾಟಿದಾಕಿ ನಾ. ಮರತಿತ್ತು ಅಷ್ಟ’ ಎಂದು ನಕ್ಕರು. ನಾನೂ ನಕ್ಕೆ. ನನಗೆ ನಗು ಬಂದದ್ದೂ ನೆನಪಿದೆ.

ದೊಡ್ಡದೊಂದು ಕೂಡುರಸ್ತೆಯ ಮೂಲೆಯಲ್ಲಿ, ಗಾಜಿನ ಅಂಗಡಿಗಳ ನಡುವೆ, ನಾಲ್ಕು ಮುಖದ ಬ್ರಹ್ಮನ ಗುಡಿಯಿದೆ. ನಮ್ಮ ದೇಶದಲ್ಲಿ ಪೂಜೆಯೇ ಇಲ್ಲದ ಬ್ರಹ್ಮನಿಗೆ ಅಲ್ಲಿ ನೂಕುನುಗ್ಗಲು. ಆಫೀಸಿನ ಹುಡುಗಿಯರು ಬೂಟು ಬಿಚ್ಚಿ ಮೊಣಕಾಲೂರಿ ಕೂತಿದ್ದರು. ಊದುಬತ್ತಿಯ ಹೊಗೆಯಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ವೈನಿ ಬೆರಗಾಗಿ ನಿಂತರು. ‘ಅಯ್ಯ, ಇವನ್ನ ನಾವು ಮರತಽ ಬಿಟ್ಟೀವಲ್ಲ! ಎಲ್ಲಾರ ಹಣೀಬರಹ ಬರದಾಂವ ಇವನ ಅಲ್ಲೇನು?’

ನಾಲ್ಕು ಚೆಂಡುಹೂವಿನ ಮಾಲೆ ಕೊಂಡರು, ಮುಖಕ್ಕೊಂದು. ನಾಲ್ಕೂ ದಿಕ್ಕಿಗೆ ಸುತ್ತಿ ಒಂದೊಂದು ಮಾಲೆ ಹಾಕಿ, ಪ್ರತಿ ಸಲವೂ ಕಣ್ಣು ಮುಚ್ಚಿ ತುಟಿಯಲ್ಲಿ ಏನೋ ಹೇಳಿಕೊಂಡರು. ಸುತ್ತಿ ಬಂದ ಮೇಲೆ ನಾನು ಕೇಳಲಿಲ್ಲ, ಅವರೇ ಹೇಳಿದರು. ‘ಅವ್ವಗ ಇನ್ನೆರಡು ವರ್ಷ ಬರಿ ಅಂದೆ. ಹೆಚ್ಚು ಕೇಳಲಿಲ್ಲ, ಎರಡ.’

ನಾನು ಗಡಿಯಾರ ನೋಡಿಕೊಂಡೆ. ಹನ್ನೆರಡೂ ಮುಕ್ಕಾಲು. ವಿಮಾನ ಹೋಗಿಯಾಗಿತ್ತು. ಆವರೆಗೆ ನನ್ನೊಳಗೆ ಯಾವುದೋ ಒಂದು, ಇನ್ನೂ ಓಡಿದರೆ ಸಿಗುತ್ತದೆ, ಟ್ಯಾಕ್ಸಿ ಹಿಡಿ ಎಂದು ಚುಚ್ಚುತ್ತಲೇ ಇತ್ತು. ಈಗ ಅದು ಸುಮ್ಮನಾಯಿತು. ನಾಚಿಕೆಯ ಮಾತು, ಆದರೂ ಹೇಳಬೇಕು: ಆ ಗಳಿಗೆ ನನಗೆ ಹಗುರ ಎನ್ನಿಸಿತು.

ಅಲ್ಲಿಂದ ಒಂದು ಸಂತೆಬೀದಿಗೆ ಹೋದೆವು. ಮೈಗೆ ಮೈ ತಾಗುವಷ್ಟು ಜನ. ಅಲ್ಲೊಬ್ಬಳ ಅಂಗಡಿಯಲ್ಲಿ ವೈನಿ ಈ ಹಸಿರು ಕೊಳವೆಗಳನ್ನು ಕಂಡರು. ಅಂಗಡಿಯವಳು ಒಂದನ್ನು ಬಿಚ್ಚಿ ಅವರ ಮೂಗಿಗೇ ಹಿಡಿದಳು. ವೈನಿಯ ಕಣ್ಣಲ್ಲಿ ನೀರು ಬಂತು, ಸೀನು ಬಂತು, ಆಮೇಲೆ ಅಂಗಡಿಯವಳೂ ಇವರೂ ಭಾಷೆ ಇಲ್ಲದೆ ಐದು ನಿಮಿಷ ನಕ್ಕರು. ‘ಅವ್ವಗ ಇದನ್ನ ಕೊಟ್ಟು ತಪಕೀರು ಬಿಡಸ್ತೀನಿ ನೋಡು. ಮೂಗಿಗೆ ಏರಸೂದಽ ಬೇಕಲ್ಲ ಆಕಿಗೆ, ಇದನ್ನ ಏರಸಲಿ’ ಎಂದು ಆರು ಕೊಂಡರು. ತಿಂಗಳಿಗೆ ಒಂದು, ಆರು ತಿಂಗಳಿಗೆ ಆರು. ಅವ್ವನ ಮುಂದಿನ ಆರು ತಿಂಗಳನ್ನು ಅವರು ಕವರಿಗೆ ಹಾಕಿಸಿಕೊಳ್ಳುವುದನ್ನು ನಾನು ನೋಡುತ್ತ ನಿಂತಿದ್ದೆ.

‘ಒಂದು ಫೋನ್ ಹಚ್ಚಿಕೊಡು’ ಅಂದರು ಆಗ. ‘ಬ್ರಹ್ಮನ್ನ ನೋಡಿ ಬಂದೆ ಅಂತ ಅವ್ವಗ ಹೇಳ್ತೀನಿ.’

ಇಲ್ಲಿ ನೆಟ್‌ವರ್ಕ್ ಸಿಗುತ್ತಿಲ್ಲ ಎಂದೆ. ಆ ಮಧ್ಯಾಹ್ನ ಅವರು ಮೂರು ಸಲ ಕೇಳಿದರು. ಎರಡನೇ ಸಲ ಚಾರ್ಜ್ ಕಡಿಮೆಯಿದೆ ಎಂದೆ. ಮೂರನೇ ಸಲ, ಅವ್ವ ಈಗ ಮಲಗಿರುತ್ತಾರೆ, ಎಬ್ಬಿಸುವುದು ಬೇಡ ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ... ವೈನಿ ಒಪ್ಪಿದರು. ಹೌದು, ಮಧ್ಯಾಹ್ನ ಎಬ್ಬಿಸಿದರೆ ಸಿಟ್ಟಿಗೇಳುತ್ತಾಳೆ ಎಂದರು.

ಬಿಸಿಲು ಏರಿತ್ತು. ಎಳನೀರಿನ ಗಾಡಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆವು. ವೈನಿ ಒಂದು ಕುಡಿದು, ಗಂಜಿ ಕೆರೆಸಿ ತಿಂದು, ಇಂಥ ಸಿಹಿ ಎಳನೀರು ಹುಟ್ಟಿದಾಗಿನಿಂದ ಕುಡಿದಿಲ್ಲ ಎಂದು ಇನ್ನೊಂದು ಕುಡಿದರು. ಮೀನಿನ ನೀರು ಹಾಕದ ಪದಾರ್ಥವೇ ಆ ಬೀದಿಯಲ್ಲಿ ಇರಲಿಲ್ಲವಾದ್ದರಿಂದ ಮಾವಿನಹಣ್ಣು ಮತ್ತು ಅಂಟಂಟಾದ ಸಿಹಿ ಅನ್ನವೇ ಊಟವಾಯಿತು. ಅನ್ನಕ್ಕೆ ಮಾವಿನಹಣ್ಣು ಕಲಸುವ ಜಾಣರು ಇವರೊಬ್ಬರೇ ಎಂದು ಹೊಗಳಿದರು. ನನಗೆ ಒಂದೊಂದು ತುತ್ತೂ ಬಾಯಲ್ಲಿಟ್ಟ ಬಿಸಿ ತುಪ್ಪವಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಏಳು ವರ್ಷ ಕನಸು ಕಂಡ ಊರಿನ ಚಿತ್ರ ಎಂದು ನನ್ನಲ್ಲಿ ಉಳಿದದ್ದು ಇವೇ: ಅವರ ಟೋಪಿ, ಅವರ ಬೂಟು, ಅವರ ಕೈಯಲ್ಲಿನ ಕವರು. ಊರನ್ನು ನಾನು ನೋಡಲೇ ಇಲ್ಲ.

ಸಂಜೆ ಐದೂವರೆಗೆ ನದಿಯ ದೋಣಿ ಹತ್ತಿದೆವು. ಆಫೀಸು ಬಿಟ್ಟವರೆಲ್ಲ ತುಂಬಿಕೊಂಡ ಉದ್ದನೆಯ ದೋಣಿ. ಹೇಗೋ ಎರಡು ಸೀಟು ಸಿಕ್ಕಿತು, ಅಕ್ಕಪಕ್ಕ. ಗಾಳಿಗೆ ವೈನಿಯ ಮುಖ ಅರಳಿತ್ತು. ಬ್ರಹ್ಮನ ಫೋಟೋ ತೋರಿಸು ಎಂದರು. ಫೋನು ಕೊಟ್ಟೆ. ಯಾಕೆ ಕೊಟ್ಟೆ, ಗೊತ್ತಿಲ್ಲ. ದಿನವಿಡೀ ಬ್ಯಾಗಿನಲ್ಲಿ ಅಡಗಿಸಿದ್ದನ್ನು ಕೇಳಿದ ಕೂಡಲೇ ತೆಗೆದು ಕೊಟ್ಟುಬಿಟ್ಟೆ. ಅವರು ಒಂದೊಂದೇ ಫೋಟೋ ಸರಿಸುತ್ತಿದ್ದಾಗ ಮೇಲೆ ಮೆಸೇಜು ಇಳಿಯಿತು. ಅವರ ತಮ್ಮನದು. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ‘ಎಲ್ಲಾ ಮುಗೀತು. ಅಕ್ಕ ಹೆಂಗದಾಳ? ಇನ್ನೂ ಹೇಳಿಲ್ಲ ಹೌದಲ್ರಿ?’

ವೈನಿ ಅದನ್ನು ಒತ್ತಿದರು. ಅದರ ಮೇಲಿನ ನನ್ನ ಮೆಸೇಜನ್ನೂ ಓದಿದರು. ಇನ್ನೊಮ್ಮೆ ಓದಿದರು. ಲ್ಯಾಬಿನಲ್ಲಿ ಗಾಜು ನೋಡುವವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು, ಅವಸರವಿಲ್ಲದೆ.

‘ಯಾವಾಗ?’

‘ಬೆಳಿಗ್ಗೆ ವೈನಿ.’

‘ನಿನಗ ಯಾವಾಗ ಗೊತ್ತಾತು?’

‘ಬೆಳಿಗ್ಗೆನೇ. ತಿಂಡಿ ತಿನ್ನೋವಾಗ.’

ಅವರು ನೀರಿನ ಕಡೆ ತಿರುಗಿದರು. ಆಮೇಲೆ ಒಂದೊಂದೇ ಕೇಳಿದರು. ‘ಹಂಗಾರ ನಾ ಬ್ರಹ್ಮಗ ಮಾಲಿ ಹಾಕೂಮುಂದ ನಿನಗ ಗೊತ್ತಿತ್ತು.’ ಗೊತ್ತಿತ್ತು ಎಂದೆ. ‘ತಪಕೀರು ಬಿಡಸ್ತೀನಿ ಅಂತ ನಗೂಮುಂದ?’ ಗೊತ್ತಿತ್ತು. ‘ಎಳನೀರು ಕುಡಿಯೂಮುಂದ?’ ತಲೆಯಾಡಿಸಿದೆ. ‘ಎರಡು ಕುಡದೆ ನಾ’ ಅಂದರು. ‘ಅವ್ವನ್ನ ಹೊರಗ ಮಲಗಿಸಿದ್ರು, ನಾ ಎರಡು ಕುಡದೆ.’

ಏನಾದರೂ ಹೇಳಬೇಕಿತ್ತು. ನಾನು ಹೇಳಿದ್ದು ಇದು: ‘ನೀವೇ ಹೇಳಿದ್ರಲ್ಲಾ ವೈನಿ... ಕಿವಿಗೆ ಬೀಳೋ ತನಕ ಇಲ್ಲ ಅಂತ.’

ಅವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ದಡ್ಡ ಮಗುವಿಗೆ ಹೇಳಿಕೊಡುವಂತೆ ಹೇಳಿದರು. ‘ಅದು ಕಾಕಾಗ ಹೇಳಿದ್ದು ಹುಡುಗಿ. ಅವ್ವಗಲ್ಲ.’

ಮುಂದಿನ ಕಟ್ಟೆಯಲ್ಲಿ ದೋಣಿ ನಿಂತಿತು. ನಮ್ಮ ಕಟ್ಟೆ ಅದಲ್ಲ. ವೈನಿ ಎದ್ದು ಇಳಿದುಬಿಟ್ಟರು, ನಾನು ಹಿಂದೆ ಓಡಿದೆ. ದಡದಲ್ಲಿ ಹೂ ಮಾರುವ ಹೆಂಗಸೊಬ್ಬಳು ತಾವರೆ ಮೊಗ್ಗುಗಳನ್ನು ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿಕೊಂಡು ಕೂತಿದ್ದಳು. ವೈನಿ ಟೋಪಿ ತೆಗೆದು ನೆಲಕ್ಕಿಟ್ಟರು. ಮೊಗ್ಗುಗಳನ್ನು ಒಟ್ಟಾಗಿ ಎತ್ತಿ ಅವಳ ಮಡಿಲಿಗೆ ಕೊಟ್ಟರು. ಬಕೆಟ್ಟು ಎತ್ತಿ, ಉಟ್ಟ ಸೀರೆಯಲ್ಲಿ, ಬೂಟಿನಲ್ಲಿ, ಹಾಗೇ ತಲೆಯ ಮೇಲೆ ಸುರಿದುಕೊಂಡರು. ಸಾವಿನ ಸುದ್ದಿ ಕಿವಿಗೆ ಬಿದ್ದ ಕೂಡಲೇ ಮಾಡಬೇಕಾದ ಸ್ನಾನ ಅದು. ಹೂವಿನವಳು ಮೊದಲು ಕೂಗಾಡಿದಳು. ಆಮೇಲೆ ಇವರ ಮುಖ ನೋಡಿದಳು. ಎದ್ದು ಹೋಗಿ ನಲ್ಲಿಯಿಂದ ಇನ್ನೊಂದು ಬಕೆಟ್ಟು ತುಂಬಿ ತಂದು, ತಾನೇ ನಿಧಾನವಾಗಿ ಅವರ ತಲೆಯ ಮೇಲೆ ಹೊಯ್ದಳು. ಆ ನೀರಿನಡಿಯಲ್ಲಿ ವೈನಿ ‘ಅವ್ವಾ’ ಎಂದು ಒಂದೇ ಒಂದು ಸಲ ಕೂಗಿದರು. ಆಚೀಚೆ ಹೋಗುವವರೆಲ್ಲ ನಿಂತರು. ಒಂದು ಬಕೆಟ್ಟು ನೀರು ತರುವ ಬುದ್ಧಿಯೂ ನನಗೆ ಬಂದಿರಲಿಲ್ಲ. ಫೋನು ಹಿಡಿದುಕೊಂಡು ನಿಂತಿದ್ದೆ.

ಹೋಟೆಲಿನಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲೆ ಟವೆಲ್ಲು ಹಾಸಿ ಕೂತರು. ಬಹಳ ಹೊತ್ತಿನ ಮೇಲೆ ತಿರುಗದೆಯೇ ಕೇಳಿದರು. ‘ಸೀಟಿಲ್ಲ ಅಂತ ಬರದಿದ್ದೀ ಅಲ್ಲ... ಖರೇನ ಇರಲಿಲ್ಲೇನು?’

ಅದೊಂದು ಬಾಗಿಲನ್ನು ಅವರೇ ತೆರೆದು ಕೊಟ್ಟಿದ್ದರು. ನಾನು ಒಳಗೆ ಹೋಗಿ ಎಲ್ಲ ಹೇಳಿಬಿಡಬಹುದಿತ್ತು.

‘ಇರಲಿಲ್ಲ ವೈನಿ. ಫುಲ್ ಆಗಿತ್ತು.’

‘ಹಂಗಾರ ಏನು ಮಾಡ್ತೀ’ ಅಂದರು. ಅವರ ಬೆನ್ನು ಸ್ವಲ್ಪ ಸಡಿಲವಾದದ್ದು ನನಗೆ ಕಂಡಿತು. ಹಿಡಿದುಕೊಳ್ಳಲು ಅವರಿಗೊಂದು ಸಿಕ್ಕಿತ್ತು, ಅದನ್ನು ಕೊಟ್ಟವಳು ನಾನು. ಮರುದಿನ ಬೆಂಗಳೂರಿನಲ್ಲಿ ಸಂಬಂಧಿಕರ ಕಾರು ಹತ್ತುವಾಗ ಕೊಳವೆಗಳ ಕವರನ್ನು ನನ್ನ ಕೈಗಿಟ್ಟು, ಇವನ್ನು ಎಲ್ಲಾದರೂ ಎಸೆದುಬಿಡು ಎಂದರು. ನಾನು ಎಸೆಯಲಿಲ್ಲ.

ಎರಡು ತಿಂಗಳ ಮೇಲೆ ಅವರು ಟೊರೊಂಟೊಗೆ ವಾಪಸು ಬಂದಾಗ ಎದುರು ಬಾಗಿಲು ನನಗೆ ಇನ್ನು ತೆರೆಯುವುದಿಲ್ಲ ಎಂದುಕೊಂಡಿದ್ದೆ. ತೆರೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಒಂದು ಶನಿವಾರ ಬಟ್ಟೆ ಬುಟ್ಟಿ ಹಿಡಿದು ಲಾಂಡ್ರಿಯ ಬಾಗಿಲಿಗೆ ಬಂದವಳಿಗೆ ಒಳಗಿನ ಮಾತು ಕೇಳಿಸಿತು. ಯಾರೋ, ಇಡೀ ದಿನ ಮುಚ್ಚಿಟ್ಟಳಂತೆ, ಎಂಥ ಗುಂಡಿಗೆ ಎನ್ನುತ್ತಿದ್ದರು. ‘ಹಂಗ ಅನಬ್ಯಾಡ್ರಿ’ ಎಂದರು ವೈನಿ. ‘ಸೀಟಿದ್ರ ಆ ಹುಡುಗಿ ನನ್ನ ಕಳಸ್ತಿದ್ಲು. ಇರಲಿಲ್ಲ, ಆಕಿ ಏನು ಮಾಡ್ಯಾಳು?’ ನಾನು ಬುಟ್ಟಿಯೊಂದಿಗೆ ಮೆಟ್ಟಿಲು ಹತ್ತಿ ಮೇಲೆ ಬಂದುಬಿಟ್ಟೆ. ಆಮೇಲೆ ಲಿಫ್ಟಿನ ಹತ್ತಿರ ಅವರ ದನಿ ಕೇಳಿದರೆ ಬಾಗಿಲ ಹಿಂದೆ ಕಾಯುತ್ತಿದ್ದೆ. ಅವರು ಬೈಯುತ್ತಾರೆ ಎಂದಲ್ಲ, ಬೈಯುವುದಿಲ್ಲವಲ್ಲ ಎಂದು.

ಮೂರು ವರ್ಷದ ಮೇಲೆ ಅವರು ಮಗಳ ಮನೆಗೆ ಒಟ್ಟಾವಾಕ್ಕೆ ಹೋದರು. ಹೋದ ಮೇಲೂ ಪ್ರತಿ ಸಂಕ್ರಾಂತಿಗೆ ಅಂಚೆಯಲ್ಲಿ ಕುಸುರೆಳ್ಳಿನ ಡಬ್ಬಿ ಬರುತ್ತಿತ್ತು, ಮನೆಯಲ್ಲೇ ಕೂತು ಸಕ್ಕರೆ ಪಾಕದಲ್ಲಿ ಮಾಡಿದ್ದು. ಬಂತು ಎಂದು ಹೇಳಲು ನಾನು ಫೋನು ಮಾಡುತ್ತಿದ್ದೆ. ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡೇ ನಂಬರು ಒತ್ತುತ್ತಿದ್ದೆ. ಹಿಮದ ಮಾತು, ಮೊಣಕಾಲಿನ ಮಾತು ಆಡಿ ಇಡುತ್ತಿದ್ದೆ. ವರ್ಷಕ್ಕೊಂದು ಸಲದಂತೆ ಎಷ್ಟೋ ವರ್ಷ... ಈ ಜನವರಿಯಲ್ಲಿ ಡಬ್ಬಿ ಬರಲಿಲ್ಲ. ವಯಸ್ಸಾಯಿತು, ಕೈ ನಡೆಯುತ್ತಿರಲಿಕ್ಕಿಲ್ಲ ಎಂದುಕೊಂಡೆ. ಫೋನು ಮಾಡುವ ಕಾರಣ ತಪ್ಪಿತಲ್ಲ ಎಂದು ಒಳಗೊಳಗೇ ನೆಮ್ಮದಿಯೂ ಆಯಿತು.

ಮಗಳ ಫೋನು ಬಂದದ್ದು ಮಾರ್ಚಿನ ಮೊದಲಲ್ಲಿ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಇಂಗ್ಲಿಷಿನಲ್ಲೇ ಮಾತು. ‘ಆಂಟಿ, ಐ ಆಮ್ ಸೋ ಸಾರಿ. ಅಮ್ಮಾ ಪಾಸ್ಡ್ ಅವೇ... ಟೂ ವೀಕ್ಸ್ ಆಯಿತು.’ ಡಿಸೆಂಬರಿನಿಂದ ಆಸ್ಪತ್ರೆಯಲ್ಲಿ ಇದ್ದರಂತೆ. ಕೊನೆಯ ದಿನಗಳವರೆಗೂ ಮಾತು ಸ್ವಚ್ಛ ಇತ್ತಂತೆ. ಯಾಕಮ್ಮ ನನಗೆ ಹೇಳಲಿಲ್ಲ, ನಾನು ಬರುತ್ತಿದ್ದೆನಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವಳು ತಡವರಿಸಿದಳು. ಅಮ್ಮನೇ ಬೇಡ ಎಂದಿದ್ದಳು ಎಂದಳು. ಆಮೇಲೆ ಅಮ್ಮನ ಮಾತನ್ನು ಅಮ್ಮನ ಕನ್ನಡದಲ್ಲೇ, ಪಾಠ ಒಪ್ಪಿಸುವಂತೆ ಹೇಳಿದಳು.

‘ಆ ಹುಡುಗಿ ಆವತ್ತ ಇಡೀ ದಿನ ಅವ್ವನ ಸುದ್ದಿ ಒಬ್ಬಾಕಿನ ಹೊತ್ತಾಳ. ಈ ಸಲ ಆಕಿ ಮ್ಯಾಲೆ ಹೊರಸಬ್ಯಾಡ್ರಿ. ಎಲ್ಲಾ ಮುಗದ ಮ್ಯಾಲೆ ಹೇಳ್ರಿ.’

ಫೋನಿಟ್ಟ ಮೇಲೆ ಕ್ಯಾಲೆಂಡರು ತೆಗೆದು ನೋಡಿದೆ. ಅವರು ಹೋದದ್ದು ಒಂದು ಶನಿವಾರ. ಆ ಶನಿವಾರ ನಾನು ಮಾಲ್ಟನ್ನಿನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು, ಹೀರೇಕಾಯಿ ಕೊಂಡಿದ್ದೆ. ಅಂಗಡಿಯ ಮೂಲೆಯಲ್ಲಿ ನಿಂತು ಬಿಸಿ ಜಿಲೇಬಿ ತಿಂದೆ. ಚಹಾ ಚೆನ್ನಾಗಿದೆ ಎಂದು ಎರಡು ಸಲ ಕುಡಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬುದ್ಧಿ ಬಂದು ಬಹಳ ವರ್ಷಗಳಾಗಿದ್ದವು. ಬಾಯಿ ಮಾತ್ರ ಬರಲಿಲ್ಲ. ಹೇಳಿಬಿಡಲು ಇದ್ದ ಕೊನೆಯ ಎರಡು ತಿಂಗಳನ್ನು ಅವರೇ, ನನ್ನ ಮೇಲಿನ ಕರುಣೆಯಿಂದ, ನನ್ನ ಕೈಗೆ ಸಿಗದ ಹಾಗೆ ಮಾಡಿ ಹೋದರು. ಆ ಕರುಣೆಯೂ ನನ್ನ ಸುಳ್ಳಿನ ಮೇಲೆಯೇ ನಿಂತಿತ್ತು.

ಆ ದಿನ ಬಚ್ಚಲಿಗೆ ಹೋಗಿ ಉಟ್ಟ ಬಟ್ಟೆಯಲ್ಲೇ ಷವರಿನಡಿ ನಿಂತೆ. ಗೆಳತಿಯರಿಗೆ ಒಂದು ಸ್ನಾನ. ಅದು ಅಲ್ಲಿಗೆ ಮುಗಿಯಬೇಕು, ವೈನಿಯ ಲೆಕ್ಕದಲ್ಲಿ.

ಹೋದ ಗುರುವಾರ ಫಿಂಚ್‌ನಲ್ಲಿ ರೈಲು ಖಾಲಿಯಾಯಿತು. ಪಕ್ಕದ ಹೆಂಗಸು ಎದ್ದು, ಕೊಳವೆ ಜೇಬಿಗೆ ಹಾಕಿಕೊಂಡು, ನನ್ನ ಮುಖ ನೋಡಿ, ಆರ್ ಯೂ ಓಕೆ ಎಂದು ಕೇಳಿದಳು. ಓಕೆ ಎಂದೆ. ಅವಳು ಇಳಿದು ಹೋದ ಮೇಲೆ ಆ ವಾಸನೆ ಸ್ವಲ್ಪ ಹೊತ್ತು ಹಾಗೇ ಇತ್ತು. ನನ್ನ ಪಕ್ಕದ ಸೀಟು ಖಾಲಿ. ಇಡೀ ಡಬ್ಬಿಯಲ್ಲಿ ಯಾರೂ ಇರಲಿಲ್ಲ. ಹೇಳುವುದಿದ್ದರೆ ಈಗ ಹೇಳಬಹುದಿತ್ತು, ಕೇಳುವ ಕಿವಿ ಒಂದು ಇರಲಿಲ್ಲ ಅಷ್ಟೆ. ಆದರೂ ಹೇಳಿದೆ, ಗಟ್ಟಿಯಾಗಿಯೇ.

ಹನ್ನೆರಡೂವರೆಯ ವಿಮಾನದಲ್ಲಿ ಸೀಟು ಇದ್ದವು ವೈನಿ. ಎರಡು ಇದ್ದವು.